ಹೊಳಿಗಿ ಕರೆದರೆ ಹೋಳಿಗಿ ಬಂತು

ಅರ್ಜಿ ತುಂಬುವುದೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ನಗಬೇಡಿ. ಕೆಲವರಿಗೆ ಇಸ್ಪೀಟು, ಕೆಲವರಿಗೆ ಪದಬಂಧ. ನನಗೆ ಖಾಲಿ ಚೌಕ ಕಂಡರೆ ಕೈ ಸುಮ್ಮನಿರುವುದಿಲ್ಲ. ನಾಸಿಕದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಕೂತವನು ನಾನು. ಹೆಸರು ದಪ್ಪ ಅಕ್ಷರದಲ್ಲಿ ಬರೆಯಬೇಕು, ತಾರೀಖು ಮರೆಯಬಾರದು, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಕಾಟು ಹೊಡೆದು ಸಹಿ ಹಾಕದ ಕಾಗದವನ್ನು ಸಾಹೇಬರದ್ದಾದರೂ ನಾನು ತಿರುಗಿ ಕಳಿಸುತ್ತಿದ್ದೆ. ಅಂಥ ನನ್ನನ್ನು ಒಂದು ಚೌಕ, ಕಡಲೆಕಾಳಿನಷ್ಟಿದ್ದ ಒಂದು ಚೌಕ, ಹದಿನೈದು ದಿನ ಊಟ ಸೇರದಂತೆ ಮಾಡಿತು.

ಆ ಅರ್ಜಿಯನ್ನು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ಮಗಳು ಅಕ್ಷತಾ. ಗಂಗಾಪುರ ಧರಣದ, ಅಂದರೆ ಅಣೆಕಟ್ಟಿನ, ಹಿನ್ನೀರಿನ ದಂಡೆಯಲ್ಲಿ ಶನಿವಾರ, ಭಾನುವಾರ ಎರಡು ದಿನದ ಬಿಡಾರ. ಡೇರೆಯಲ್ಲಿ ಮಲಗುವುದು, ದೋಣಿಗೆ ಹುಟ್ಟು ಹಾಕುವುದು, ನೀರಿಗೆ ಜಿಗಿಯುವುದು, ದ್ರಾಕ್ಷಿ ತೋಟಗಳ ನಡುವೆ ಸೈಕಲ್ಲು ಹೊಡೆಯುವುದು. ಬಿಡಾರದವರು ಕಳಿಸಿದ ಮರಾಠಿ ಅರ್ಜಿಯಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲ ಆದಮೇಲೆ ಕೊನೆಗೊಂದು ಪ್ರಶ್ನೆ: ‘ಪೋಹತಾ ಯೇತೆ ಕಾ?’ ಈಜು ಬರುತ್ತದೆಯೇ? ಹೌದು ಎನ್ನುವುದಕ್ಕೊಂದು ಚೌಕ, ಇಲ್ಲ ಎನ್ನುವುದಕ್ಕೊಂದು. ನನ್ನ ಹೆಸರಿನ ಮುಂದೆ ಮಗಳು, ನನ್ನನ್ನು ಒಂದು ಮಾತೂ ಕೇಳದೆ, ಹೌದು ಎನ್ನುವ ಚೌಕದಲ್ಲಿ ದೊಡ್ಡದಾಗಿ ಟಿಕ್ ಹಾಕಿದ್ದಳು.

ನನಗೆ ಈಜು ಬರುವುದಿಲ್ಲ.

ಬರುವುದಿಲ್ಲ ಎಂದರೆ ಅಷ್ಟಿಷ್ಟು ಬರುತ್ತದೆ ಎಂದಲ್ಲ. ಇಷ್ಟು ವರ್ಷ ನಾಸಿಕದಲ್ಲಿದ್ದು ಗೋದಾವರಿಯಲ್ಲಿ ನಾನು ಇಳಿದದ್ದು ಪಾದ ಮುಳುಗುವಷ್ಟು. ಊರಿಂದ ನೆಂಟರು ಬಂದಾಗ ರಾಮಕುಂಡಕ್ಕೆ ಕರೆದುಕೊಂಡು ಹೋಗುತ್ತೇನೆ, ಅವರು ಮುಳುಗು ಹಾಕುತ್ತಾರೆ, ನಾನು ಮೆಟ್ಟಿಲ ಮೇಲೆ ಅವರ ಬಟ್ಟೆ, ಮೊಬೈಲು, ಚಪ್ಪಲಿ ಕಾಯುತ್ತ ನಿಂತಿರುತ್ತೇನೆ. ಎಂಥ ಸೇವಾಭಾವದ ಮನುಷ್ಯ ಎಂದು ಅವರು ಊರಿಗೆ ಹೋಗಿ ಹೊಗಳಿದ್ದೂ ಉಂಟು.

ಹಾಗಾದರೆ ಮಗಳು ಟಿಕ್ ಹಾಕಿದ್ದು ಯಾಕೆ? ತಪ್ಪು ಅವಳದಲ್ಲ. ಅವಳು ಮೂರು ವರ್ಷದವಳಿದ್ದಾಗ ಊಟಕ್ಕೆ ಹಟ ಮಾಡುತ್ತಿದ್ದಳು. ಬಾಯಿ ತೆರೆಯಲಿ ಎಂದು ಒಂದು ಕಥೆ ಹೇಳಿದೆ: ಬೀದರ್ ಜಿಲ್ಲೆಯ ನಮ್ಮೂರಲ್ಲಿ ಮಾಂಜ್ರಾ ಅಂತ ಒಂದು ಹೊಳೆ, ನಾನು ಒಂಬತ್ತು ವರ್ಷದವನಿದ್ದಾಗ ಆ ಹೊಳೆ ಹಾರಿ ಈಸಿ ಆಚೆ ದಂಡೆ ಮುಟ್ಟಿದೆ, ನನ್ನಕ್ಕ ನೀಲಕ್ಕ ಈಚೆ ದಂಡೆಯ ಮೇಲೆ ಅಳುತ್ತ ನಿಂತಿದ್ದಳು. ಮಗಳು ಬಾಯಿ ತೆರೆದಳು, ತುತ್ತು ಒಳಗೆ ಹೋಯಿತು. ಮರುದಿನ ಮತ್ತೆ ಅದೇ ಕಥೆ ಬೇಕೆಂದಳು. ತುತ್ತು ಹೆಚ್ಚಿದಂತೆ ಹೊಳೆ ಅಗಲವಾಗುತ್ತ ಹೋಯಿತು. ಅವಳು ಶಾಲೆಗೆ ಸೇರುವ ಹೊತ್ತಿಗೆ ಸುಳಿ ಬಂದವು, ನಾಲ್ಕನೆಯ ಇಯತ್ತೆಗೆ ಒಂದು ಮೊಸಳೆ ಬಂತು. ಮೊಸಳೆಯನ್ನು ಮುಂದೆ ನಾನೇ ನಾಚಿಕೆಯಾಗಿ ತೆಗೆದುಹಾಕಿದೆ. ಆದರೆ ಹೊಳೆ ಅಷ್ಟೇ ಅಗಲ ಉಳಿಯಿತು.

ಈಗ ಅವಳಿಗೆ ಇಪ್ಪತ್ತಾರು. ಫಿಜಿಯೋಥೆರಪಿ ಓದಿ ದವಾಖಾನೆಯಲ್ಲಿ ಜನರ ಕೈಕಾಲು ಸರಿಮಾಡುತ್ತಾಳೆ. ನಗರದ ಈಜುಕೊಳದಲ್ಲಿ ಈಜು ಕಲಿತದ್ದು ಕೂಡ ನನ್ನ ಕಥೆಯಿಂದಲೇ ಅಂತೆ. ಆ ಮಾತನ್ನು ಅವಳು ಹೇಳಿದಾಗಲೆಲ್ಲ ನಾನು ಪೇಪರು ಓದುವವನಂತೆ ಮುಖ ಮುಚ್ಚಿಕೊಳ್ಳುತ್ತೇನೆ.

“ಪಪ್ಪಾ, ನೀವು ಆಣಿ ನಾನು, ತರಾಪಾ ಮೇಲಿಂದ ಜಂಪ್ ಮಾಡೋದು. ಫಿಕ್ಸ್!” ಎಂದಳು. ನಾಸಿಕದಲ್ಲಿ ಹುಟ್ಟಿ ಬೆಳೆದವಳ ಕನ್ನಡ ಹಾಗೇ, ಕಿವಿಯಲ್ಲಿ ಪೂರ್ತಿ ಇದೆ, ಬಾಯಿಗೆ ಬರುವಾಗ ಅರ್ಧ ದಾರಿಯಲ್ಲಿ ಮರಾಠಿ ಹತ್ತಿಕೊಳ್ಳುತ್ತದೆ. ಆಣಿ ಎಂದರೆ ಮತ್ತು, ತರಾಪಾ ಎಂದರೆ ತೆಪ್ಪ. ತೆಪ್ಪದ ಮೇಲಿಂದ ನಡುನೀರಿಗೆ ಅಪ್ಪ ಮಗಳು ಜೋಡಿಯಾಗಿ ಹಾರುವ ಕಾರ್ಯಕ್ರಮ.

ಹೆಂಡತಿ ಸುಮಂಗಲಾ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನನ್ನ ಮುಖ ನೋಡಿದಳು. ಅವಳು ಕಲಬುರಗಿಯವಳು, ಕಡಿಮೆ ಮಾತಾಡಿ ಹೆಚ್ಚು ತಿಳಿಯುವ ಪೈಕಿ. “ಹಾರ್ರಿ ಹಾರ್ರಿ,” ಎಂದಳು. “ನಾ ದಂಡಿ ಮ್ಯಾಲ ನಿಂತು ಅಳ್ತೀನಿ.”

ಮರುದಿನದಿಂದ ನನ್ನ ಗುಪ್ತ ತಯಾರಿ ಶುರುವಾಯಿತು. ಮೊಬೈಲಿನಲ್ಲಿ ಈಜು ಕಲಿಸುವ ವಿಡಿಯೋ ನೋಡಿದೆ. ಮೊದಲ ಪಾಠ ನೀರಲ್ಲಿ ಮುಖವಿಟ್ಟು ಉಸಿರು ಹಿಡಿಯುವುದು. ಬಚ್ಚಲ ಚಿಲಕ ಹಾಕಿಕೊಂಡು ಬಕೇಟಿನಲ್ಲಿ ಮುಖ ಮುಳುಗಿಸಿದೆ. ಹನ್ನೊಂದು ಎಣಿಸುವಷ್ಟರಲ್ಲಿ ಮೂಗಲ್ಲಿ ನೀರು ಹೊಕ್ಕು, ಕೆಮ್ಮು ಬಂದು, ತಂಬಿಗೆ ಬಿದ್ದು ಠಣಠಣ ಸದ್ದಾಯಿತು.

“ರೀ, ಜೀವ ಅದನೋ ಇಲ್ಲೋ?” ಹೆಂಡತಿ ಬಾಗಿಲು ಬಡಿದಳು.

“ಮುಖ ತೊಳ್ಕೊಳ್ಳಾಕತ್ತೀನಿ!”

“ಅಷ್ಟು ತೊಳದ್ರ ಏನೂ ಉಳಿಯಂಗಿಲ್ಲ, ಬರ್ರಿ ಹೊರಗ.”

ಬಿಡಾರಕ್ಕೆ ತರಬೇಕಾದ ಸಾಮಾನಿನ ಪಟ್ಟಿಯೂ ಬಂತು. ಬ್ಯಾಟರಿ, ಟೋಪಿ, ಬೇಗ ಒಣಗುವ ಪ್ಯಾಂಟು, ಒಂದು ಸೀಟಿ. ಸೀಟಿ ಯಾಕೆಂದರೆ ಡೇರೆಯಿಂದ ದೂರ ಹೋಗಿ ದಾರಿ ತಪ್ಪಿದರೆ ಊದಲಿಕ್ಕೆ. “ನಿಮಗ ಸೀಟಿ ಯಾಕ್ರಿ, ಗೊರಕಿ ಅದಲ್ಲ,” ಎಂದು ಸುಮಂಗಲಾ ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಎಂದು ಬರೆದಳು. ಸಾಹಸಕ್ಕೆ ಹೊರಟ ಮನೆಯ ಚೀಲ ನೋಡನೋಡುತ್ತ ಜಾತ್ರೆಗೆ ಹೊರಟವರ ಗಂಟಾಯಿತು.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಜ್ವರ ಬಂತು ಎನ್ನಬಹುದು, ಸೊಂಟ ಹಿಡಿಯಿತು ಎನ್ನಬಹುದು. ಆದರೆ ಮಗಳು ಒಂದು ಸಂಜೆ, “ಆತ್ಯಾನ್ನೂ ಕರಿಯೋಣ ಪಪ್ಪಾ. ಅವರು ಐ ವಿಟ್ನೆಸ್ ಅಲ್ವಾ?” ಎಂದಳು.

ಆತ್ಯಾ ಎಂದರೆ ಅವಳ ಸೋದರತ್ತೆ, ನನ್ನ ನೀಲಕ್ಕ. ಮದುವೆಯಾಗಿ ಸಂಭಾಜಿನಗರ ಸೇರಿದವಳು, ಮಗ ಸೊಸೆ ಮೊಮ್ಮಗನ ಜೊತೆ ಅಲ್ಲೇ ಇದ್ದಾಳೆ. ನನಗಿಂತ ಐದು ವರ್ಷ ದೊಡ್ಡವಳು. ಆ ದಿನ ಮಾಂಜ್ರಾ ದಂಡೆಯಲ್ಲಿ ನಿಜವಾಗಿ ಏನಾಯಿತು ಎಂಬುದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನನ್ನನ್ನು ಬಿಟ್ಟರೆ ಅವಳೊಬ್ಬಳಿಗೆ. ಇನ್ನು ಮುಚ್ಚಿಡುವುದೇನು, ನಿಮಗೂ ಹೇಳುತ್ತೇನೆ.

ನಾನು ಹುಟ್ಟಿದ ಮೇಲೆ ಅವ್ವ ಏನೋ ಹರಕೆ ಹೊತ್ತಿದ್ದರಿಂದ ಮನೆದೇವರಿಗೆ ಮುಡಿ ಕೊಡುವವರೆಗೆ ನನ್ನ ತಲೆಗೆ ಕತ್ತರಿ ತಾಗಿಸುವಂತಿರಲಿಲ್ಲ. ಒಂದಲ್ಲ ಒಂದು ಅಡ್ಡಿ ಬಂದು ಹರಕೆ ಮುಂದೆ ಹೋಗುತ್ತಲೇ ಇತ್ತು. ಒಂಬತ್ತು ವರ್ಷದ ಗಂಡುಹುಡುಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಕಷ್ಟ ನಿಮಗೇನು ಗೊತ್ತು! ಬಸು ಎನ್ನುವ ಹೆಸರು ಬಿಟ್ಟು ಹುಡುಗರು ‘ಬಸವ್ವಾ’ ಎಂದು ಕರೆಯುತ್ತಿದ್ದರು. ನೀಲಕ್ಕನಿಗೆ ಮಾತ್ರ ನನ್ನ ಜಡೆ ಎಂದರೆ ಅಭಿಮಾನ, ತನ್ನ ಪಾಲಿನ ಕೊಬ್ಬರಿ ಎಣ್ಣೆಯನ್ನೂ ನನ್ನ ತಲೆಗೇ ತಿಕ್ಕುತ್ತಿದ್ದಳು.

ಅವಳಿಗೆ ಹೊಳೆ ಎಂದರೆ ಪ್ರಾಣ. ಬಟ್ಟೆ ಒಗೆಯುವ ನೆಪದಲ್ಲಿ ಹೋಗಿ ನೀರಿಗೆ ಬಿದ್ದರೆ ಗಂಡುಹುಡುಗರು ಬಾಯಿ ಬಿಟ್ಟು ನೋಡಬೇಕು, ಹಾಗೆ ಈಸುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಬಟ್ಟೆ ಹಿಂಡುತ್ತಿದ್ದಳು. ಮನೆಯಲ್ಲಿರು ಎಂದು ಹೇಳಿದ್ದರೂ ನಾನು ಅವಳ ಹಿಂದೆ ಕದ್ದು ಹೋಗಿ, ದೂರದ ಬಂಡೆಯ ಮೇಲೆ ಕೂತು ಹೊಸ ರಬ್ಬರ್ ಚಪ್ಪಲಿ ನೀರಲ್ಲಿ ತೇಲಿಸಿ ಆಡುತ್ತಿದ್ದೆ. ಒಂದು ಚಪ್ಪಲಿ ಹೊರಟುಹೋಯಿತು. ಹಿಡಿಯಲು ಒಂದು ಹೆಜ್ಜೆ ಇಟ್ಟೆ. ಎರಡನೆಯ ಹೆಜ್ಜೆಗೆ ನೆಲವೇ ಇರಲಿಲ್ಲ.

ಆಮೇಲೆ ನೆನಪಿರುವುದು ಹಸಿರು ನೀರು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ತಲೆ ಕಿತ್ತು ಬರುವಂಥ ನೋವು. ನೀಲಕ್ಕ ಉಟ್ಟ ಬಟ್ಟೆಯಲ್ಲೇ ಹಾರಿ ನನ್ನ ಎರಡೂ ಜಡೆ ಕೂಡಿಸಿ ಹಿಡಿದು ಎಳೆದಿದ್ದಳು. ಹರಕೆ ಬೇಗ ತೀರಿದ್ದರೆ ಕೈಗೆ ಏನು ಸಿಗುತ್ತಿತ್ತು? ಆ ವರ್ಷಗಳ ಅಡ್ಡಿಗಳಿಗೆಲ್ಲ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು ಎಂದು ಈಗ ತಿಳಿಯುತ್ತದೆ, ಆಗ ಕಂಡದ್ದು ಸಿಟ್ಟು ಮಾತ್ರ. “ಯಾರು ಹೊಳಿಗಿ ಕರ್ಕೊಂಡು ಹೋಗಿದ್ರು?” ಎಂದ. ನಾನು, “ಅಕ್ಕ,” ಎಂದೆ.

ಅಷ್ಟೇ. ಒಂದೇ ಮಾತು. ನೀಲಕ್ಕ ನೀರು ಸೋರುತ್ತ ನಿಂತಿದ್ದಳು, ನನ್ನ ಕಡೆ ಒಮ್ಮೆ ನೋಡಿದಳು, ಇಲ್ಲ ಎನ್ನಲಿಲ್ಲ. ಅವತ್ತಿನಿಂದ ಅವಳಿಗೆ ಹೊಳೆ ಬಂದ್ ಆಯಿತು. ಬಟ್ಟೆ ಮನೆಯ ಬಾವಿಯ ನೀರಲ್ಲೇ ಒಗೆಯುವುದು. ನಾಲ್ಕು ವರ್ಷಕ್ಕೆ ಮದುವೆಯಾಗಿ ಹೋದಳು. ಮತ್ತೆ ಅವಳು ನೀರಿಗಿಳಿದದ್ದನ್ನು ಯಾರೂ ಕಂಡಿಲ್ಲ. ನಾನು ಆ ಕಥೆಯನ್ನು ತಿರುವಿ ಹಾಕಿ, ಅವಳನ್ನು ದಂಡೆಯ ಮೇಲೆ ಅಳುತ್ತ ನಿಲ್ಲಿಸಿ, ಮಗಳಿಗೆ ತುತ್ತು ತಿನ್ನಿಸಿದೆ. ಎಂಥ ಶೂರ ನೋಡಿ.

ಈಗ ಅಕ್ಕ ಬಂದರೆ ನನ್ನ ಗತಿ? “ಅಕ್ಕನ ಮೊಣಕಾಲು ನೋವು, ಅವಳಿಗೆ ಯಾಕೆ ತ್ರಾಸ?” ಎಂದೆ.

“ಮೊಣಕಾಲ್ ಸಾಠಿ ಪಾಣಿ ಬೆಸ್ಟ್ ಅದ ಪಪ್ಪಾ!” ಮೊಣಕಾಲಿಗೆ ನೀರೇ ಒಳ್ಳೆಯದಂತೆ. ಫಿಜಿಯೋಥೆರಪಿಯ ಮಗಳ ಮುಂದೆ ಮೊಣಕಾಲಿನ ನೆಪ ಹೇಳಿದ ನನ್ನ ಬುದ್ಧಿಗೆ ಏನೆನ್ನಲಿ. ಆಗ ಇನ್ನೊಂದು ಉಪಾಯ ಹೊಳೆಯಿತು. ಹೊಳೆ ಎನ್ನುವ ಶಬ್ದ ಕೇಳಿದರೆ ಅಕ್ಕ ತಾನಾಗಿಯೇ ಬರಲಿಕ್ಕಿಲ್ಲ. “ಆಗಲಿ, ಕರಿ,” ಎಂದೆ. “ಆದರೆ ಧರಣ, ಕ್ಯಾಂಪು ಅಂತ ಬರೆದರೆ ಅವಳಿಗೆ ತಿಳಿಯಲ್ಲ. ನಮ್ಮ ಮಾತಲ್ಲೇ ಬರಿ, ಹೊಳಿಗಿ ಅಂತ.”

ಮಗಳು ಇಂಗ್ಲಿಷ್ ಅಕ್ಷರದಲ್ಲಿ ಟಪಟಪ ಬರೆದು ಕಳಿಸಿದಳು: ‘ಆತ್ಯಾ, ಶನಿವಾರ ಹೊಳಿಗಿ ಅದ. ಬರ್ರಿ.’

ಹತ್ತು ನಿಮಿಷದಲ್ಲಿ ಉತ್ತರ ಬಂತು. ಮೊಮ್ಮಗನ ಕೈಯಲ್ಲಿ ಬರೆಸಿದ್ದಿರಬೇಕು: ‘ಹೂಂ, ಬರ್ತೀನಿ. ನಾನೇ ಮಾಡ್ಕೊಂಡು ಬರ್ತೀನಿ. ನೀವು ಏನೂ ಮಾಡ್ಬ್ಯಾಡ್ರಿ.’

“ಹೊಳಿ ಮಾಡ್ಕೊಂಡು ಬರ್ತಾರಂತ?” ಸುಮಂಗಲಾ ಹುಬ್ಬೇರಿಸಿದಳು. ತಯಾರಿ ಮಾಡಿಕೊಂಡು ಬರುತ್ತಾರೆ ಎಂದಿರಬೇಕು ಎಂದು ಮಗಳು ಅರ್ಥ ಹೇಳಿದಳು. ಇಷ್ಟು ವರ್ಷ ಹೊಳೆಯ ಹೆಸರೆತ್ತದ ಅಕ್ಕ ತಯಾರಿ ಮಾಡಿಕೊಂಡು ಬರುತ್ತಾಳೆ ಎಂದರೆ ಏನು ತಯಾರಿ? ನನ್ನ ಮಾನ ಕಳೆಯುವ ತಯಾರಿಯೇ ಇರಬೇಕು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಬಸ್ಸಿನಿಂದ ಇಳಿದ ಅಕ್ಕನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮಗುವಿನಷ್ಟು ತೂಕದ ಸ್ಟೀಲ್ ಡಬ್ಬಿ. ಮನೆಗೆ ಬಂದು ಮುಚ್ಚಳ ತೆಗೆದಳು. ಏಲಕ್ಕಿ, ಬೆಲ್ಲ, ತುಪ್ಪದ ವಾಸನೆ ಇಡೀ ಮನೆ ತುಂಬಿತು. ಒಂದರ ಮೇಲೊಂದು ಪೇರಿಸಿದ ಹೂರಣದ ಹೋಳಿಗೆ, ನಲವತ್ತಕ್ಕೆ ಕಡಿಮೆಯಿಲ್ಲ.

“ಏನ್ ವಿಶೇಷ ಹೇಳವ್ವಾ ಈಗ,” ಎಂದು ಅಕ್ಕ ಅಕ್ಷತಾಳ ಗಲ್ಲ ಹಿಡಿದಳು. “ಶನಿವಾರ ಹೋಳಿಗಿ ಅದ ಬರ್ರಿ ಅಂತ ಬರದಿದ್ದಿ. ಈ ನಾಸಿಕದಾಗ ಕೂತು ನಿಮ್ಮವ್ವ ಒಬ್ಬಾಕಿ ಎಷ್ಟಂತ ಮಾಡ್ತಾಳ ಅಂತ ನಾನೇ ಮಾಡ್ಕೊಂಡು ಬಂದೆ.”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸುಮಂಗಲಾ ಮೊದಲು ನಕ್ಕಳು, ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಂಗ್ಲಿಷ್ ಅಕ್ಷರಕ್ಕೆ ದೀರ್ಘ ಎಲ್ಲಿಂದ ಬರಬೇಕು? ಹೊಳಿಗಿ ಎಂದು ಬರೆದರೂ ಅಷ್ಟೇ, ಹೋಳಿಗಿ ಎಂದು ಬರೆದರೂ ಅಷ್ಟೇ. ಅಕ್ಕನನ್ನು ದೂರವಿಡಲು ನಾನು ಆರಿಸಿಕೊಟ್ಟ ಶಬ್ದವೇ ಅವಳನ್ನು ನಲವತ್ತು ಹೋಳಿಗೆಯ ಜೊತೆ ಬಾಗಿಲಿಗೆ ತಂದಿತ್ತು.

“ಹೋಳಿಗಿ ನಾಹೀ ಆತ್ಯಾ, ಹೊಳಿ! ರಿವರ್!” ಮಗಳು ವಿವರಿಸಿದಳು.

ಅಕ್ಕನ ನಗು ನಿಂತಿತು. ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದಳು. ಆಮೇಲೆ ನನ್ನನ್ನು ಕೇಳಿದಳು, “ನೀರು ಎಷ್ಟು ಆಳ ಅದ, ಬಸು?”

ಬರುವುದಿಲ್ಲ ಎಂದು ಹೇಳಲಿಲ್ಲ. ಅದೊಂದೇ ಕೇಳಿದಳು.

ಮರುದಿನ ಬೆಳಿಗ್ಗೆ ಹಿನ್ನೀರಿನ ದಂಡೆಯಲ್ಲಿ ಎಳೆಬಿಸಿಲಿತ್ತು. ಆಚೆ ಗುಡ್ಡ, ಈಚೆ ಸಾಲಾಗಿ ಕವುಚಿಟ್ಟ ಹಳದಿ ದೋಣಿಗಳು. ಕೊರಳಿಗೆ ಸೀಟಿ ಕಟ್ಟಿಕೊಂಡ ನಡುವಯಸ್ಸಿನ ಗಟ್ಟಿ ಆಳು ಒಬ್ಬರು ನಮ್ಮ ಅರ್ಜಿ ಹಿಡಿದು ಹೆಸರು ಕೂಗುತ್ತಿದ್ದರು. ಅಕ್ಷತಾ ನನ್ನ ಹೆಗಲ ಮೇಲೆ ಕೈಹಾಕಿ, ಪಪ್ಪಾ ಒಂಬತ್ತನೇ ವಯಸ್ಸಿಗೆ ಮಾಂಜ್ರಾ ಹಾದವರು ಎಂದು ಮರಾಠಿಯಲ್ಲಿ ಪರಿಚಯ ಮಾಡಿಕೊಟ್ಟಳು. ಆ ಮನುಷ್ಯ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಇರಬಹುದು ಎನ್ನುವಂತೆ ತಲೆಯಾಡಿಸಿದರು.

“ಆತ್ಯಾ, ನೀವು ನೋಡಿದ್ರಿ ಅಲ್ವಾ?” ಮಗಳು ಕೇಳಿದಳು.

ಅಕ್ಕ ನೀರಿನ ಕಡೆ ನೋಡುತ್ತಿದ್ದವಳು ತಿರುಗಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ಆವತ್ತು ಅಪ್ಪನ ಮುಂದೆ ನೋಡಿದ ಹಾಗೆಯೇ ಒಂದು ಕ್ಷಣ ನೋಡಿದಳು.

“ಹೂಂ ಮತ್ತ,” ಎಂದಳು. “ದಂಡಿಗಿ ಬಂದಾನ. ನಾ ನೋಡೀನಿ.”

ಸುಳ್ಳಲ್ಲ. ದಂಡೆಗೆ ಬಂದಿದ್ದೆ ನಿಜ. ಯಾರ ಕೈಯಲ್ಲಿ ಬಂದೆ ಎಂಬುದನ್ನು ಅಕ್ಕ ಮತ್ತೊಮ್ಮೆ ನುಂಗಿಕೊಂಡಳು. ಐವತ್ತೇಳು ವರ್ಷದ ಗಂಡಸು, ಇನ್ನೂ ಅಕ್ಕನ ಮರೆಯಲ್ಲೇ ನಿಂತಿದ್ದೆ. ಸಾಕಪ್ಪಾ ಸಾಕು ಎನಿಸಿತು.

ಆ ಮನುಷ್ಯನ ಕೈಯಿಂದ ಅರ್ಜಿಯನ್ನೂ ಪೆನ್ನನ್ನೂ ಇಸಿದುಕೊಂಡೆ. ನನ್ನ ಹೆಸರಿನ ಮುಂದಿನ ಟಿಕ್ಕಿನ ಮೇಲೆ ಒಂದೇ ಗೆರೆ ಎಳೆದೆ, ಇಲ್ಲ ಎನ್ನುವ ಚೌಕದಲ್ಲಿ ಗುರುತು ಹಾಕಿದೆ, ಪಕ್ಕದಲ್ಲಿ ಸಹಿ ಮಾಡಿದೆ. ಅಕ್ಕನ ಹೆಸರನ್ನು ಮಗಳು ಕೊನೆಯಲ್ಲಿ ಸೇರಿಸಿ ‘ಇಲ್ಲ’ ಎಂದು ತುಂಬಿದ್ದಳು. ಅದಕ್ಕೂ ಗೆರೆ ಎಳೆದೆ, ‘ಹೌದು’ ಎಂದು ಹಾಕಿದೆ, ಅಲ್ಲೂ ಸಹಿ ಮಾಡಿದೆ.

“ಹೇ ಕಾಯ, ಪಪ್ಪಾ?” ಇದೇನು ಎಂದು ಮಗಳು ಬೆರಗಾದಳು.

ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಚಪ್ಪಲಿ, ಜಡೆ, ಬಾಗಿಲಲ್ಲಿ ನಿಂತ ಅಪ್ಪ, ನಾನು ಆಡಿದ ಆ ಒಂದು ಮಾತು. ಕನ್ನಡದಲ್ಲೇ ಹೇಳಿದೆ, ಅಕ್ಕನಿಗೆ ಪೂರ್ತಿ ಕೇಳಿಸಲಿ ಎಂದು. “ಅಕ್ಕಾ, ನೀ ಇರದಿದ್ರ ನಾ ಇಲ್ಲ. ಈ ಹುಡುಗಿನೂ ಇಲ್ಲ. ಇಷ್ಟು ವರ್ಷ ನಿನಗ ಒಂದು ಮಾತು ಹೇಳಲಿಲ್ಲ ನೋಡು,” ಎಂದೆ.

ಮಗಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ಬಿಟ್ಟು ಅಕ್ಕನ ಕೈ ಹಿಡಿದುಕೊಂಡಳು. ಸುಮಂಗಲಾ, “ಮದಿವಿ ಆದ ವರ್ಷ ರಾಮಕುಂಡದಾಗ ನೀವು ಮೆಟ್ಟಲದ ಸರಪಳಿ ಹಿಡ್ಕೊಂಡ ನಿಂತಾಗೇ ನನಗ ಗೊತ್ತಾಗ್ಯದ. ಹೇಳ್ಲಿ ಅಂತ ಕಾಯ್ಲತ್ತಿದ್ದೆ,” ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋಗ್ಲಿ ಬಿಡೋ. ನನಗ ಭಾಳ ದಿನ ಕೆಟ್ಟ ಅನಸ್ತಿತ್ತು, ಹುಡುಗ ಸಿಕ್ಕ, ಚಪ್ಪಲಿ ಸಿಗಲಿಲ್ಲಲ್ಲಾ ಅಂತ. ಹೊಸಾವು ಇದ್ವು.”

ಎಲ್ಲರೂ ಜಾಕೀಟು ಹಾಕಿಕೊಳ್ಳಲೇಬೇಕು ಎಂದರು ಸೀಟಿಯವರು. ಅಕ್ಕ ಸೀರೆಯ ಕಚ್ಚೆ ಬಿಗಿದು, ಮೇಲೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಚಪ್ಪಲಿ ಬಿಟ್ಟು ನೀರಿಗಿಳಿದಳು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅಲ್ಲಿ ನಿಂತಳು. ಅಂಗೈಯಿಂದ ನೀರನ್ನು ಒಮ್ಮೆ ಸವರಿದಳು. ಆಮೇಲೆ ಮುಂದಕ್ಕೆ ಬಾಗಿದಳು ನೋಡಿ, ಅಷ್ಟೇ, ಅರವತ್ತೆರಡು ವರ್ಷದ ನಮ್ಮಕ್ಕ ಕೈ ಬೀಸುತ್ತ ಹೊರಟೇಬಿಟ್ಟಳು. ಸೀಟಿಯವರು ಸೀಟಿ ಊದುವುದನ್ನೂ ಮರೆತರು. ಅಕ್ಷತಾ “ಆತ್ಯಾ!” ಎಂದು ಕಿರುಚುತ್ತ ಹಿಂದೆಯೇ ಹಾರಿದಳು. ತೆಪ್ಪ ಮುಟ್ಟಿ ಇಬ್ಬರೂ ತಿರುಗಿ ಬಂದರು. ಅಷ್ಟು ಹೊತ್ತೂ ದಂಡೆಯ ಮೇಲೆ ಅಳುತ್ತ ನಿಂತವನು ನಾನು.

“ಬಾರೋ ಬಸು,” ಎಂದು ಅಕ್ಕ ಎದೆಮಟ್ಟದ ನೀರಲ್ಲಿ ನಿಂತು ಕರೆದಳು. “ಜಾಕೀಟ್ ಅದ, ನಾ ಇದ್ದೀನಿ.”

ಒಂದೊಂದೇ ಹೆಜ್ಜೆ ಇಟ್ಟು ಹೋದೆ. ಹತ್ತಿರ ಹೋದಾಗ ಅಕ್ಕ ನನ್ನ ಬೋಳು ತಲೆಯನ್ನು ಒದ್ದೆ ಕೈಯಿಂದ ತಡವಿ ನಕ್ಕಳು. “ಆವಾಗ ಜಡಿ ಇದ್ವು. ಈಗ ಎಲ್ಲಿ ಹಿಡೀಲೋ ನಿನ್ನ?”

ಸೀಟಿಯವರಿಗೆ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ನನ್ನ ಜಾಕೀಟಿನ ಹಿಂದೆ, ಕತ್ತಿನ ಕೆಳಗೆ ಹೊಲಿದಿದ್ದ ದಪ್ಪ ಪಟ್ಟಿಯ ಕುಣಿಕೆಯನ್ನು ತೋರಿಸಿದರು. ಮುಳುಗುವವರನ್ನು ಎಳೆಯಲಿಕ್ಕೆಂದೇ ಅದನ್ನು ಇಟ್ಟಿರುತ್ತಾರಂತೆ. ಅಕ್ಕ ಅದರಲ್ಲಿ ನಾಲ್ಕು ಬೆರಳು ತೂರಿಸಿ ಎಳೆದು ನೋಡಿದಳು, ಗಟ್ಟಿಯಿದೆ ಎಂದು ಖಾತ್ರಿ ಮಾಡಿಕೊಂಡಳು.

“ಈಗ ಕಾಲು ಬಿಡು,” ಎಂದಳು.

ಬಿಟ್ಟೆ.